ಮಣ್ಣಿನ ವಾಸನೆ ಸಾಕು

ಫೆಬ್ರವರಿ 20ರ ಸರ್ವಜ್ಞ ಜಯಂತಿ ಈ ವರ್ಷವೂ ಸಾಂಗವಾಗಿ ಮುಗಿಯಿತು. ಹಾರ, ತುರಾಯಿ, ಒಂದಷ್ಟು ತ್ರಿಪದಿ, ಊಟ. ಸರ್ವಜ್ಞನ ತಾಯಿ ಕುಂಬಾರರ ಮನೆಯವಳೆಂಬ ಐತಿಹ್ಯವನ್ನು ನೆನೆದು ಭಾಷಣಕಾರರು ಕಣ್ಣು ತುಂಬಿಕೊಂಡರು. ಇವತ್ತಿನ ಕುಂಬಾರ ಮಣ್ಣು ಎಲ್ಲಿಂದ ತರುತ್ತಾನೆ ಎಂದು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಹಿರಿಯ ಸಹೋದರ ಪತ್ರಿಕೆಯೊಂದು ಕರ್ನಾಟಕದ ದೃಶ್ಯಕಲೆ ಕುರಿತು ದಪ್ಪನೆಯ ವಿಶೇಷ ಸಂಚಿಕೆ ತಂದಿದೆ. ಬಣ್ಣ, ಕಲ್ಲು, ಕಂಚು, ಕ್ಯಾಮೆರಾ ಎಲ್ಲ ಇವೆ. ಮಣ್ಣಿಗೆ ಒಂದು ಪುಟವೂ ಇಲ್ಲ. ಸುಳ್ಳು ಹೇಳಬಾರದು, ಎರಡು ಕವಿತೆಗಳಲ್ಲಿ ಮಣ್ಣಿದೆ.

ನಮ್ಮ ತಕರಾರು ಇಷ್ಟೇ. ಕನ್ನಡದ ಸಾಹಿತಿಗೆ ಮಣ್ಣು ರೂಪಕವಾಗಿ ಇರುವ ತನಕ ಬಲು ಇಷ್ಟ. ಬೆನ್ನುಡಿ ಬರೆಯುವವರಿಗೆ 'ಮಣ್ಣಿನ ವಾಸನೆ' ಸಿಗದ ಕವನ ಸಂಕಲನವೇ ಇಲ್ಲ. ಅದೇ ಮಣ್ಣು ಯಾರದೋ ಕೈಗೆ ಅಂಟಿ, ತಿಗರಿಯ ಮೇಲೆ ಕೂತು, ಆವಿಗೆಯಲ್ಲಿ ಬೆಂದು ಬಂದರೆ ಅದು ಗುಡಿ ಕೈಗಾರಿಕೆ; ಅದರ ಬಗ್ಗೆ ಬರೆಯುವುದು ವಿಮರ್ಶಕರ ಕೆಲಸವಲ್ಲ, ಇಲಾಖೆಯದು.

ಹನ್ನೆರಡನೇ ಶತಮಾನದ ಕುಂಬಾರ ಗುಂಡಯ್ಯನನ್ನು ನಾವು ಹೇಗೆ ಓದಿದ್ದೇವೆ ನೋಡಿ. ಹರಿಹರ ಅವನ ಮೇಲೆ ಒಂದು ಇಡೀ ರಗಳೆಯನ್ನೇ ಬರೆದ. ಗುಂಡಯ್ಯ ಮಡಕೆ ಬಾರಿಸುತ್ತ ಮೈಮರೆತರೆ ಶಿವನೇ ಇಳಿದುಬಂದು ಕುಣಿಯುತ್ತಾನೆ. ಮಣ್ಣಿನ ಜೊತೆ ಬಾಳು ಸವೆಸಿದ ಕಲಾವಿದನ ಚಿತ್ರ ಕನ್ನಡದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಗುಂಡಯ್ಯ ಕೆಲಸ ಬಿಟ್ಟು ಗುಡಿಗೆ ಹೋದವನಲ್ಲ, ದೇವರೇ ಕೆಲಸದ ಚಪ್ಪರಕ್ಕೆ ಬಂದ. ನಮ್ಮ ಪಂಡಿತರು ಮಾತ್ರ ಅಲ್ಲಿ ಭಕ್ತಿಯನ್ನು ಕಂಡರು, ಮಡಕೆಯನ್ನು ಕಾಣಲಿಲ್ಲ.

ಅವನ ಹೆಂಡತಿ ಕೇತಲದೇವಿಯ ಗತಿ ಇನ್ನೂ ಕಷ್ಟದ್ದು. ಕುಂಭೇಶ್ವರ ಎಂಬ ಅಂಕಿತದಲ್ಲಿ ಅವಳದೆಂದು ನಮಗೆ ದಕ್ಕಿರುವುದು ಒಂದೇ ವಚನ. ಅದು ಹದಮಣ್ಣಿನಿಂದ ಶುರುವಾಗಿ ವ್ರತದ ಕಡೆ ತಿರುಗುತ್ತದೆ. ವ್ರತದ ಅರ್ಧಕ್ಕೆ ವ್ಯಾಖ್ಯಾನಗಳು ಬೇಕಾದಷ್ಟಿವೆ, ಮಣ್ಣಿನ ಅರ್ಧ ಬರೀ ಹೋಲಿಕೆ ಎನಿಸಿಕೊಂಡು ಹಿಂದೆ ಬಿತ್ತು. ಆದರೆ ಹದವೆಂದರೇನೆಂದು ಅವಳಿಗೆ ಕೈಯಿಂದಲೇ ಗೊತ್ತಿತ್ತು. ಜೇಡಿಮಣ್ಣನ್ನು ನೆನೆಹಾಕಬೇಕು, ಕಲ್ಲು ಬೇರು ಆರಿಸಬೇಕು, ಬೇಕಾದಷ್ಟೇ ಮರಳೋ ಬೂದಿಯೋ ಬೆರೆಸಿ ಕಾಲಲ್ಲಿ ತುಳಿಯಬೇಕು. ಮರಳು ಹೆಚ್ಚಾದರೆ ತಿಗರಿಯ ಮೇಲೆ ಗೋಡೆ ಏಳುವುದಿಲ್ಲ, ಕಡಿಮೆಯಾದರೆ ನೆರಳಲ್ಲಿ ಒಣಗುವಾಗಲೇ ಬಿರಿಯುತ್ತದೆ. ಸರಿಯಾಗಿ ಒಣಗದ ಮಡಕೆ ಆವಿಗೆಯಲ್ಲಿ ಒಡೆದು ಅಕ್ಕಪಕ್ಕದವನ್ನೂ ಕೆಡಿಸುತ್ತದೆ. ಇದನ್ನು ಕಲಿಯಲು ಒಂದು ಆಯುಷ್ಯ ಬೇಕು, ಕಲಿತವರು ಬಿಟ್ಟಿರಲಾರರು. ಎಂಟು ನೂರು ವರ್ಷಗಳ ಹಿಂದೆ ಆ ಕೆಲಸದ ಒಳಗಿನಿಂದಲೇ ಮಾತಾಡಿದ ಹೆಂಗಸು ನಮ್ಮಲ್ಲಿದ್ದಳು. ಸೆರಾಮಿಕ್ ಕಲೆಗೆ ಕನ್ನಡದಲ್ಲಿ ಪರಂಪರೆ ಇಲ್ಲ ಎನ್ನುವವರು ಅವಳನ್ನು ಮೊದಲು ಓದಲಿ.

ಪರಂಪರೆಯ ಮಾತು ಬಂದದ್ದರಿಂದ ಇನ್ನೊಂದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದು, ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಂಥ ಮಡಕೆ ಚೂರುಗಳ ಆಧಾರದಲ್ಲಿ ಇಲ್ಲಿನ ಕಾಲಗಣನೆ ಮಾಡಿದರು. ಈ ನಾಡಿನ ಪ್ರಾಚೀನ ಚರಿತ್ರೆಯ ಎಷ್ಟೋ ಭಾಗಕ್ಕೆ ಸಾಕ್ಷಿ ಹೇಳುತ್ತಿರುವವರು ಹೆಸರಿಲ್ಲದ ಕುಂಬಾರರು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದನ್ನು ಎಲ್ಲರೂ ಬರೆದರು, ಮಿಶನ್ನಿನ ಚರಿತ್ರೆ ಎಂದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪಕ್ಕದಲ್ಲಿ ಮೈಸೂರು ಸರ್ಕಾರ ಕಟ್ಟಿದ ಪಿಂಗಾಣಿ ಕಾರ್ಖಾನೆ, ಮುಂದೆ ಬಿಎಚ್‌ಇಎಲ್ ಸೇರಿದ್ದು, ವಿದ್ಯುತ್ ಕಂಬಗಳಿಗೆ ಇನ್ಸುಲೇಟರ್ ಮಾಡಿಕೊಟ್ಟಿತು. ಅದು ಎಂಜಿನಿಯರುಗಳ ಪಾಲಾಯಿತು. ಎನ್. ಪುಷ್ಪಮಾಲಾ ಅವರ ಛಾಯಾಚಿತ್ರಗಳ ಬಗ್ಗೆ ಪುಟಗಟ್ಟಲೆ ಬರೆಯುವವರಿಗೆ ಅವರು ಟೆರಾಕೋಟಾ ಶಿಲ್ಪಗಳಿಂದ ಹೆಸರು ಮಾಡಿದವರೆಂಬುದು ಅಡಿಟಿಪ್ಪಣಿ.

ಈ ಪತ್ರಿಕೆ ಅಚ್ಚಾಗುವುದು ಮಾದನಾಯಕನಹಳ್ಳಿಯಲ್ಲಿ. ತುಮಕೂರು ರಸ್ತೆಯಲ್ಲಿ ಹೋದವರಿಗೆ ಪಕ್ಕದ ಮಾದಾವರದ ವಸ್ತುಪ್ರದರ್ಶನ ಕೇಂದ್ರ ಗೊತ್ತು. 2024ರ ನವೆಂಬರಿನಿಂದ ಮೆಟ್ರೊ ಕೂಡ ಅಲ್ಲಿಗೆ ಬಂದಿದೆ. ಅಲ್ಲಿ ಗ್ರಾನೈಟಿಗೆ 'ಸ್ಟೋನಾ' ಮೇಳ ಇದೆ, ಲೇತ್ ಯಂತ್ರಗಳಿಗೆ 'ಇಮ್‌ಟೆಕ್ಸ್' ಮೇಳ ಇದೆ. ಹೊರಗೆ, ಪೀಣ್ಯದಿಂದ ನೆಲಮಂಗಲದವರೆಗೆ, ಕೆರೆಯಂಗಳಗಳು ಗೋದಾಮು ಮತ್ತು ಬಡಾವಣೆಗಳ ಕೆಳಗೆ ಹೋಗುತ್ತಿವೆ. ಉಳಿದವಕ್ಕೆ 'ಅಭಿವೃದ್ಧಿ' ಬಂದಿದೆ: ಏರಿಗೆ ಕಲ್ಲು, ಸುತ್ತ ತಂತಿಬೇಲಿ, ನಡೆಯುವವರಿಗೆ ಹಾದಿ, ಗೇಟಿಗೆ ಬೀಗ. ಹೂಳನ್ನು ಲಾರಿ ತುಂಬಿ ಸಾಗಿಸುವ ಗುತ್ತಿಗೆದಾರನಿಗೆ ಗೇಟು ತೆರೆಯುತ್ತದೆ. ಗಾಡಿ ಜೇಡಿಮಣ್ಣು ಕೇಳುವ ಕುಂಬಾರ ಕಳ್ಳ.

2018ರಿಂದ ಖಾದಿ ಆಯೋಗ ಕುಂಬಾರರಿಗೆ ವಿದ್ಯುತ್ ತಿಗರಿ ಹಂಚುತ್ತಿದೆ. ಒಳ್ಳೆಯದು. ಅದರ ಮೇಲೆ ಏನು ಇಡಬೇಕು? ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲೇ ಹೇಳಿತು. ಭಾದ್ರಪದ ಬಂದಾಗಲೆಲ್ಲ 'ಮಣ್ಣಿನ ಗಣಪನನ್ನೇ ಕೊಳ್ಳಿ' ಎಂಬ ಜಾಹೀರಾತು ಕಾಣುತ್ತದೆ. ಆ ಮಣ್ಣು ಯಾವ ಕೆರೆಯದೆಂದು ಜಾಹೀರಾತು ಹೇಳುವುದಿಲ್ಲ. ಬೆಂಗಳೂರು ಕರಗದ ಹಸಿ ಕರಗಕ್ಕೆ, ಅಂದರೆ ಹಸಿಮಣ್ಣಿನ ಕೊಡಕ್ಕೆ, ಹೆಸರಾದ ಸಂಪಂಗಿ ಕೆರೆಯೇ ಕಂಠೀರವ ಕ್ರೀಡಾಂಗಣದ ಪಕ್ಕದ ಒಂದು ಕೊಳವಾಗಿ ಉಳಿದಿದೆ. ದೇವರ ಮಣ್ಣಿಗೇ ಈ ಪಾಡು.

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಶನಿವಾರ ದುಡ್ಡು ಕೊಟ್ಟು ತಿಗರಿಯ ಮುಂದೆ ಕೂರುವುದನ್ನು ನಮ್ಮ ಅಂಕಣಕಾರರು ಗೇಲಿ ಮಾಡುತ್ತಾರೆ. ನಾವು ಮಾಡುವುದಿಲ್ಲ. ಅವರು ಸೊಟ್ಟ ಬಟ್ಟಲನ್ನಾದರೂ ಮಾಡುತ್ತಾರೆ, ಮಣ್ಣಿಗೆ ಬೆಲೆ ಕೊಡುತ್ತಾರೆ. ನಮ್ಮ ಕವಿಗಳು ಅಷ್ಟೂ ಮಾಡಿಲ್ಲ. 1971ರಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಶುರುಮಾಡಿದಾಗ ಅದೂ ಹೊರಗಿನವರ ಹುಚ್ಚಾಟವಾಗಿಯೇ ಕಂಡಿರಬೇಕು. ಇಂದು ದೇಶದ ಹೆಸರಾಂತ ಸೆರಾಮಿಕ್ ಕಲಾವಿದರಲ್ಲಿ ಹಲವರು ಅಲ್ಲಿ ಕಲಿತವರು. ಜಪಾನ್ 1955ರಲ್ಲೇ ಹಮಾದಾ ಶೋಜಿ ಎಂಬ ಕುಂಬಾರನನ್ನು ಜೀವಂತ ರಾಷ್ಟ್ರೀಯ ಸಂಪತ್ತೆಂದು ಘೋಷಿಸಿತು. ನಮ್ಮಲ್ಲಿ ಲಲಿತಕಲೆಗೆ ಒಂದು ಅಕಾಡೆಮಿ, ಶಿಲ್ಪಕಲೆಗೆ ಇನ್ನೊಂದು. ಎರಡೂ ಸೇರಿ ಸೆರಾಮಿಕ್‌ಗೊಂದು ಸ್ಥಿರವಾದ ವಾರ್ಷಿಕ ಪ್ರಶಸ್ತಿ ಇಡಲಿ, ಮಣ್ಣಿನ ಕಲಾವಿದರ ಬದುಕು ದಾಖಲಿಸಲಿ. ಕೆರೆ ಅಭಿವೃದ್ಧಿ ಮಾಡುವವರು ಹೂಳೆತ್ತುವ ಮೊದಲು ಆ ಊರಿನ ಕುಂಬಾರರನ್ನು ಕರೆದು ಅವರ ಪಾಲಿನ ಮಣ್ಣು ಕೊಡಲಿ. ಇದಕ್ಕೆ ಸಮಿತಿ ಬೇಕಿಲ್ಲ, ಬೀಗದ ಕೈ ಸಾಕು.

ಅದಕ್ಕಾಗಿಯೇ ನಮ್ಮ ಈ ಸಂಚಿಕೆಯ ವಿಶೇಷ ವಿಭಾಗ ಸೆರಾಮಿಕ್ ಕಲೆಯದು.

ಮುಂದಿನ ಸಂಚಿಕೆಗೂ ಇದನ್ನು ಬೆಳೆಸುವ ಆಸೆಯಿದೆ. ಮಣ್ಣಿನ ಕೆಲಸ ಮಾಡುವವರು ಯಾರೇ ಆಗಲಿ, ಆವಿಗೆಯವರೋ ವಿದ್ಯುತ್ ಗೂಡಿನವರೋ, ನಮಗೆ ಬರೆಯಿರಿ. ಬರೆಯುವ ರೂಢಿ ಇಲ್ಲದಿದ್ದರೆ ವಿಳಾಸ ತಿಳಿಸಿ, ನಾವೇ ಬಂದು ಕೇಳಿ ಬರೆದುಕೊಳ್ಳುತ್ತೇವೆ. ಮಣ್ಣಿನ ಕುರಿತ ಕವಿತೆಗಳನ್ನು ದಯವಿಟ್ಟು ಕಳಿಸಬೇಡಿ.