ಹಿಮ್ಮೇಳದವರನ್ನೂ ನೋಡಿ

ಮಕ್ಕಳೇ, ನಮ್ಮ ಕಾಸರಗೋಡಿನಲ್ಲಿ ಯಕ್ಷಗಾನ ನೋಡದವರು ಕಡಿಮೆ. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಪಾರ್ತಿಸುಬ್ಬ ಇಲ್ಲಿಯ ಕುಂಬಳೆಯವನು. ಆಟ ನೋಡಿದ ಮರುದಿನ ನೀವು ಏನು ಹೇಳುತ್ತೀರಿ? "ಮಹಿಷಾಸುರನ ವೇಷ ಭಾರಿ ಚೆನ್ನಾಗಿತ್ತು" ಎನ್ನುತ್ತೀರಿ. ಪದ ಹಾಡಿದವರು ಯಾರು, ಚೆಂಡೆ ಬಾರಿಸಿದವರು ಯಾರು ಎಂದು ಕೇಳಿದರೆ ಸುಮ್ಮನಾಗುತ್ತೀರಿ. ಇದು ನನಗೆ ಸರಿಯೆನಿಸುವುದಿಲ್ಲ.

ಮಹಿಷಾಸುರ ತಾನೊಬ್ಬನೇ ಮಹಿಷಾಸುರನಾಗಲಾರ. ಭಾಗವತರು ಜಾಗಟೆ ಹಿಡಿದು ಪದ ಎತ್ತಬೇಕು. ಅದಕ್ಕೆ ಅವನು ಕುಣಿಯಬೇಕು. ಆಮೇಲೆ ಅರ್ಥ ಹೇಳಬೇಕು. ಆ ಮಾತನ್ನು ಯಾರೂ ಬರೆದು ಕೊಡುವುದಿಲ್ಲ. ಪದದ ಭಾವ ಹಿಡಿದು ಅಲ್ಲೇ ಕಟ್ಟಬೇಕು. ಅವನು ಕೋಪದಿಂದ ಹೆಜ್ಜೆಯಿಟ್ಟಾಗ ನಿಮ್ಮ ಎದೆ ನಡುಗುವುದು ಹೆಜ್ಜೆಗೋ, ಚೆಂಡೆಯ ಪೆಟ್ಟಿಗೋ? ಮುಂದಿನ ಸಲ ಗಮನಿಸಿ.

ಚೌಕಿಗೂ ಒಮ್ಮೆ ಹೋಗಿ. (ಚಿಕ್ಕಂದಿನಲ್ಲಿ ನಮಗೆ ಅಲ್ಲಿ ಇಣುಕುವುದೇ ಹಬ್ಬ!) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಅದೂ ಆಟದ ಒಂದು ಭಾಗವೇ.

ಮೊನ್ನೆ ನಮ್ಮೂರಿನ ಆಟದಲ್ಲಿ ಮಹಿಷಾಸುರನ ವಧೆಯಾದದ್ದೇ ತಡ, ಜನ ಎದ್ದು ಹೊರಟರು. ಭಾಗವತರು ಖಾಲಿ ಕುರ್ಚಿಗಳ ಮುಂದೆ ಮಂಗಳ ಹಾಡಿದರು. ಚೆಂಡೆಯವರೂ ಮದ್ದಳೆಯವರೂ ಕೊನೆಯವರೆಗೆ ಬಿಡದೆ ಬಾರಿಸಿದರು.