ದೋಣಿ ಕೊಳ್ಳುವ ಮುನ್ನ ಹೊಳೆಯನ್ನು ಅರಿಯೋಣ

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಅಘನಾಶಿನಿಯು ದೊಡ್ಡ ಅಣೆಕಟ್ಟುಗಳಿಗೆ ಸಿಲುಕದೆ ಹರಿದು ತದಡಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ದೋಣಿಯ ವಿಚಾರ ಕರಾವಳಿಯವರಿಗಷ್ಟೇ ಸೇರಿದ್ದೆಂದು ಘಟ್ಟದ ಮೇಲಿನ ನಾವು ಸುಮ್ಮನಿರುವಂತಿಲ್ಲ. ಸಿದ್ದಾಪುರದ ಕಾಡಿನಲ್ಲಿ ಸುರಿದ ಮಳೆಯೇ ತದಡಿಯಲ್ಲಿ ಸೆಳೆತವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಕಗ್ಗ ಭತ್ತದ ಗಜನಿಯನ್ನು ನೋಡಲೆಂದು ಪರಿಚಿತರೊಬ್ಬರ ಹೊಸ ಫೈಬರ್ ದೋಣಿಯಲ್ಲಿ ಹೊರಟಿದ್ದೆ. ನಡುಹೊಳೆಯಲ್ಲಿ ಯಂತ್ರ ನಿಂತಿತು. ಇಂಧನದಲ್ಲಿ ನೀರು ಸೇರಿತ್ತು. ಇಳಿತದ ಹೊತ್ತು; ದೋಣಿಯಲ್ಲಿ ಹುಟ್ಟೂ ಇಲ್ಲ, ಲಂಗರೂ ಇಲ್ಲ. ಅಳಿವೆಯತ್ತ ತೇಲುತ್ತಿದ್ದ ನಮ್ಮನ್ನು ಬಳಚು ಆರಿಸಿ ಮರಳುತ್ತಿದ್ದ ಹಿರಿಯರೊಬ್ಬರು ಹಗ್ಗ ಎಸೆದು ದಡಕ್ಕೆ ಎಳೆದರು. “ಯಂತ್ರ ನಂಬಿ ಹುಟ್ಟು ಬಿಟ್ಟು ಬರೂದಾ?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲರಿಗೂ ಅಂಥ ಹಗ್ಗ ದೊರೆಯುವುದಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡರು. ಜಾಕೆಟ್ ಗೂಟಕ್ಕೆ ನೇತುಹಾಕುವ ವಸ್ತುವಲ್ಲ. ದೋಣಿ ಹತ್ತುವ ಮೊದಲೇ ಮೈಮೇಲಿರಬೇಕು. ದೋಣಿಯ ಮಿತಿಗಿಂತ ಒಬ್ಬರೂ ಹೆಚ್ಚು ಹತ್ತಬಾರದು.

ಹೊಸದಾಗಿ ದೋಣಿ ಕೊಂಡವರು ಮೊದಲು ಕಲಿಯಬೇಕಾದದ್ದು ಉಬ್ಬರವಿಳಿತವನ್ನು. ದಿನಕ್ಕೆರಡು ಬಾರಿ ಬರುವ ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ; ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದರ ಬಲ ಹೆಚ್ಚು. ಹೊರಹೋಗುವ ಇಳಿತದ ನೀರು ಒಳಬರುವ ಅಲೆಗೆ ಎದುರಾದಾಗ ಅಳಿವೆಯಲ್ಲಿ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ನೆರೆಯೂ ಇದಕ್ಕೆ ಸೇರುತ್ತದೆ. ಆ ವೇಳೆಯಲ್ಲಿ ಅಳಿವೆ ದಾಟದಿರುವುದೇ ಜಾಣತನ. ಹೊರಡುವ ಮುನ್ನ ಮನೆಯವರಿಗೆ ಮರಳುವ ಹೊತ್ತನ್ನು ತಿಳಿಸಿರಬೇಕು. ಕಡಲಿನಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ನೆನಪಿರಲಿ.

ಎರಡನೆಯದು ಆರೈಕೆ. ಉಪ್ಪುನೀರಿನಲ್ಲಿ ಓಡಿದ ಯಂತ್ರದೊಳಗೆ ಪ್ರತಿಸಲವೂ ಸಿಹಿನೀರು ಹಾಯಿಸಬೇಕು. ಲೋಹದ ಭಾಗಗಳ ಬದಲಿಗೆ ತಾನು ಸವೆಯುವ ಸತುವಿನ ತುಂಡನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಫೈಬರ್ ಬಿರುಕನ್ನು ಚಿಕ್ಕದೆಂದು ಬಿಟ್ಟರೆ ಅದು ನೀರು ಹೀರಿ ಒಳಗಿನಿಂದಲೇ ಬಲಗುಂದುತ್ತದೆ.

ಈ ಆರೈಕೆ ಹೊಳೆಯ ಆರೈಕೆಯೂ ಹೌದು. ಹಳೆಯ ಟೂ-ಸ್ಟ್ರೋಕ್ ಯಂತ್ರಗಳಲ್ಲಿ ಇಂಧನದ ಒಂದು ಭಾಗ ಉರಿಯದೆಯೇ ನೀರು ಸೇರುತ್ತದೆ. ಬಳಚು ನೀರನ್ನು ಸೋಸಿ ಬದುಕುವ ಜೀವಿ. ನಾವು ಚೆಲ್ಲಿದ ಎಣ್ಣೆ ಅದರ ಒಡಲನ್ನೂ ಕೊನೆಗೆ ನಮ್ಮ ತಟ್ಟೆಯನ್ನೂ ಸೇರುತ್ತದೆ. ಈ ಅಳಿವೆ ರಾಮ್ಸರ್ ತಾಣವಾಯಿತೆಂದು ಹಿಗ್ಗಿದ ನಾವೇ ಬಳಸಿದ ಎಣ್ಣೆಯನ್ನು ಕಾಂಡ್ಲಾ ಬುಡಕ್ಕೆ ಸುರಿದರೆ ಆ ಹಿಗ್ಗಿಗೆ ಅರ್ಥವೇನು?

ಆದ್ದರಿಂದ ನನ್ನ ಆಗ್ರಹವಿಷ್ಟೆ: ದೋಣಿಗೆ ಸಾಲ ಅಥವಾ ಸಹಾಯಧನ ನೀಡುವ ಮುನ್ನ ಕೆಲವು ದಿನಗಳ ತರಬೇತಿ ಕಡ್ಡಾಯವಾಗಲಿ. ಕಲಿಸಲು ಪರವೂರಿನ ತಜ್ಞರೇ ಬೇಕಿಲ್ಲ. ಪಾತಿದೋಣಿಯ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗೌರವಧನ ಕೊಟ್ಟು ಅವರನ್ನೇ ಗುರುಗಳಾಗಿಸೋಣ. ತದಡಿಗೆ ಅಧ್ಯಯನಕ್ಕೆ ಹೋಗುವ ವಿದ್ಯಾರ್ಥಿ ಮಿತ್ರರೇ, ದೋಣಿ ಹತ್ತುವ ಮುನ್ನ ಜಾಕೆಟ್ ಕೇಳಿ. ಹುಟ್ಟು ಇದೆಯೇ ಎಂದೂ ನೋಡಿ. ಇಲ್ಲವಾದರೆ ದಡದಲ್ಲಿಯೇ ಉಳಿಯಿರಿ.