"ಹೊಲ ಐತೆಲ್ಲ, ಚಿಂತಿ ಯಾಕ" ಅನ್ನೋರಿಗೆ

ನಿನ್ನೆ ಬಾಗೇವಾಡಿ ಬೀಜದ ಅಂಗಡಿ ಮುಂದ ಹಿರಿಯರೊಬ್ಬರು ಅಂದ್ರು: "ದುಡಿಯಾಕ ಹೋದ ಹುಡುಗ್ರು ತಿರುಗಿ ಊರಿಗೆ ಬಂದ್ರ ಏನಾತು? ಹೊಲ ಐತಿ, ಉಂಡ್ಕೊಂಡು ಇರ್ತಾರ." ಈ ಮಾತು ಸುಳ್ಳು. ಲೆಕ್ಕ ಹಾಕಿ ತೋರಸ್ತೀನಿ.

ನನ್ನ ತಮ್ಮ ಗೋವಾದಾಗ ಸೆಂಟ್ರಿಂಗ್ ಕೆಲಸಕ್ಕಿದ್ದ. ತಿಂಗಳಿಗೆ 8,000 ರೂಪಾಯಿ ಕಳಸ್ತಿದ್ದ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆತು, ಕೆಲಸ ಹೋತು. ಆ ರೊಕ್ಕದಾಗ ಸಂಘದ ಕಂತು, ಅವ್ವನ ಗುಳಿಗಿ, ಕಿರಾಣಿ ನಡೀತಿತ್ತು; ಉಳಿದದ್ದು ಬೀಜ-ಗೊಬ್ಬರಕ್ಕ. ಅಂದ್ರ ಹೊಲ ಅವನನ್ನ ಸಾಕ್ತಿರಲಿಲ್ಲ, ಅವನ ಪಗಾರ ಹೊಲವನ್ನ ಸಾಕ್ತಿತ್ತು. ತೊಗರಿ ಜೂನ್‌ದಾಗ ಬಿತ್ತಿದ್ರ ರೊಕ್ಕ ಕಾಣೋದು ಜನವರಿಗೆ. ಕಂತಿನವರು ಅಲ್ಲಿತನಕ ಕಾಯ್ತಾರೇನು? ಮನಿಯಾಕಿ ಬೋರಮಾಳ ಅಡವಿಟ್ಟು ಬಿತ್ತಿದ್ವಿ. ಅದನ್ನ ಇನ್ನೂ ಬಿಡಿಸಿಲ್ಲ. ದೀಪಾವಳಿ ಮುಗಿಸಿ ತಮ್ಮ ಮತ್ತ ಗೋವಾಕ್ಕ ಹೋಗಿದ್ದ, 2021ರ ಮೇ ತಿಂಗಳದಾಗ ಎರಡನೇ ಸಲ ಕೆಲಸ ಕಳಕೊಂಡು ಬಂದ.

ಅವ ಬಂದ ಅಂತ ನಮ್ಮ ನಾಲ್ಕು ಎಕರೆ ಐದಾಗಲಿಲ್ಲ. ಅವ ಕಸ ತೆಗೀಲಿ ಅಂತ, ವರ್ಷಾ ಕರಿಯೋ ಇಬ್ಬರು ಹೆಣ್ಣಾಳಿಗೆ ಬರಬ್ಯಾಡ್ರಿ ಅಂದ್ವಿ. ಗೋವಾದಾಗ ಹೋದ ಒಂದು ಕೆಲಸ ನಮ್ಮೂರಾಗ ಇನ್ನೆರಡು ಮನಿ ಒಲಿ ಆರಿಸ್ತು. "ಆಳು ಅಗ್ಗ ಆದ್ರು" ಅಂತ ಖುಷಿಪಟ್ಟವರೂ ನಮ್ಮೊಳಗ ಅದಾರ. ಅಣ್ಣಗೋಳ್ರ, ಕೂಲಿ ಇಲ್ಲದವರು ನಮ್ಮ ಉಳ್ಳಾಗಡ್ಡಿ ಯಾವ ರೊಕ್ಕದಾಗ ಕೊಳ್ಳಬೇಕು?

ಸರ್ಕಾರ ಏನೂ ಕೊಡಲಿಲ್ಲ ಅನ್ನಂಗಿಲ್ಲ. ತಲಿಗೆ 5 ಕೆಜಿ ಪುಕ್ಕಟ ರೇಷನ್ ಬಂತು. 2020ರಾಗ ಕಟ್ಟಡ ಕಾರ್ಮಿಕರಿಗೆ ಒಟ್ಟು 5,000 ರೂಪಾಯಿ ಘೋಷಣೆ ಆತು; ಆದ್ರ ನೋಂದಣಿ ಇದ್ದವರಿಗೆ. ಗೋವಾದಾಗ ದುಡಿದ ತಮ್ಮನ ಹೆಸರು ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಉದ್ಯೋಗ ಖಾತ್ರಿ ಕೂಲಿ 2020-21ರಾಗ 275 ಇತ್ತು, 2021-22ರಾಗ 289 ಆತು. ಆಗ ನೂರು ದಿನ ಪೂರ್ತಿ ಸಿಕ್ಕಿದ್ರೂ 28,900 ಆಗ್ತಿತ್ತು. ಅದೂ ತಲಿಗಲ್ಲ, ಇಡೀ ಕುಟುಂಬಕ್ಕ. ತಮ್ಮ ವರ್ಷಕ್ಕ ಕಳಸ್ತಿದ್ದದ್ದು 96,000.

ಅದಕ್ಕ ನನ್ನ ಮಾತು ಇಷ್ಟ: ಖಾತ್ರಿ ಕೆಲಸದ ದಿನ ಮನಿ ಲೆಕ್ಕಕ್ಕಲ್ಲ, ದುಡಿಯೋ ಪ್ರತಿಯೊಬ್ಬರಿಗೂ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋಣ. ಅಲ್ಲಿತನಕ ಇದ್ದದ್ದನ್ನ ಬಿಡಬ್ಯಾಡ್ರಿ. ಪಂಚಾಯ್ತಿಗೆ ಕೆಲಸ ಕೇಳೋ ಅರ್ಜಿ ಕೊಟ್ಟು, ತಾರೀಖು ಹಾಕಿದ ರಸೀದಿ ತಗೋರಿ. 15 ದಿನದಾಗ ಕೆಲಸ ಕೊಡದಿದ್ರ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾಯ್ದೆಯಲ್ಲೇ ಐತಿ. ರಸೀದಿ ಕೊಡಲಿಲ್ಲಂದ್ರ ಹೇಳ್ರಿ, ನಾಕು ಮಂದಿ ಕೂಡಿ ಹೋಗೋಣ.